ಬೇರೆ ವಿಭಾಗದ ಕ್ಲಾಸಿಗೆ ಹೋದರೆ ನಮ್ಮ ವಿಷಯದ ಆಳ ಕಮ್ಮಿಯಾಗುತ್ತದಾ?

ಎಂ.ಎಸ್ಸಿ ಜೀವಶಾಸ್ತ್ರ

ಎಲ್ಲರಿಗೂ ನಮಸ್ಕಾರ. ನಾನು ಜೀವಶಾಸ್ತ್ರದಲ್ಲಿ ಎಂ.ಎಸ್ಸಿ ಮಾಡುತ್ತಿದ್ದೇನೆ. ಸಾಂಕ್ರಾಮಿಕ ರೋಗಗಳು ಹೇಗೆ ಹರಡುತ್ತವೆ ಅನ್ನುವುದರ ಮೇಲೆ ಮುಂದೆ ಸಂಶೋಧನೆ ಮಾಡುವ ಆಸೆ ಇದೆ. ಮುಂದಿನ ಸೆಮಿಸ್ಟರಿಗೆ ಎಲೆಕ್ಟಿವ್ ಆರಿಸಿಕೊಳ್ಳಬೇಕು. ಸಂಖ್ಯಾಶಾಸ್ತ್ರ ವಿಭಾಗದ ಒಂದು ಕೋರ್ಸು, ಮಾನವಶಾಸ್ತ್ರ ವಿಭಾಗದ ಒಂದು ಕೋರ್ಸು ನನಗೆ ಇಷ್ಟವಾಗಿವೆ. ಆದರೆ ನಮ್ಮ ವಿಭಾಗದ ಹಿರಿಯ ಉಪನ್ಯಾಸಕರೊಬ್ಬರು, "ಇರುವುದೇ ಎರಡು ವರ್ಷ. ಅಲ್ಲಿ ಇಲ್ಲಿ ತಿರುಗಿದರೆ ಯಾವುದೂ ಕೈಗೆ ಹತ್ತುವುದಿಲ್ಲ" ಅಂದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ಅದಕ್ಕೇ ಗೊಂದಲ. ಎಲ್ಲ ಕಡೆ ಈಗ ಬಹುಶಿಸ್ತೀಯ ಕಲಿಕೆ, ಬಹುಶಿಸ್ತೀಯ ಸಂಶೋಧನೆ (ಅಂದರೆ ಹಲವು ವಿಷಯಗಳನ್ನು ಜೋಡಿಸಿ ಮಾಡುವುದು) ಅಂತ ಕೇಳುತ್ತೇವೆ. ನಿಜವಾಗಿ ಅದರಿಂದ ಏನು ಸಿಗುತ್ತದೆ? ಅನುಭವ ಇರುವವರು ದಯವಿಟ್ಟು ಹೇಳಿ.

ಸಂಖ್ಯಾಶಾಸ್ತ್ರದ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ನನ್ನ ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುವ ಒಂದು ಕಥೆ ಇದೆ, ಸ್ವಲ್ಪ ಉದ್ದ, ಓದಿ.

1956ರಲ್ಲಿ ಅಲನ್ ಕಾರ್ಮ್ಯಾಕ್ ಎಂಬ ಭೌತವಿಜ್ಞಾನಿ ಕೇಪ್‌ಟೌನಿನ ಒಂದು ಆಸ್ಪತ್ರೆಯಲ್ಲಿ ಅರೆಕಾಲಿಕ ಕೆಲಸ ಮಾಡುತ್ತಿದ್ದರು. ಅಲ್ಲಿ ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವಾಗ ಡೋಸ್ ಲೆಕ್ಕ ಹಾಕುವುದನ್ನು ನೋಡಿದರು. ದೇಹದ ಒಳಗೆಲ್ಲ ಒಂದೇ ತರಹದ ವಸ್ತು ತುಂಬಿದೆ ಅಂತ ಅಂದುಕೊಂಡು ಲೆಕ್ಕ ಮಾಡುತ್ತಿದ್ದರು. ಮೂಳೆ ಬೇರೆ, ಶ್ವಾಸಕೋಶ ಬೇರೆ, ಸ್ನಾಯು ಬೇರೆ ಅಲ್ವಾ? ಹಾಗಾದರೆ ಹೊರಗಿನಿಂದ ಹಲವು ದಿಕ್ಕಿನಲ್ಲಿ ಕಿರಣ ಹಾಯಿಸಿ, ಒಳಗೆ ಎಲ್ಲಿ ಎಷ್ಟು ಹೀರಿಕೊಂಡಿತು ಅಂತ ಕಂಡುಹಿಡಿಯಬಹುದಾ? ಇದು ಶುದ್ಧ ಗಣಿತದ ಪ್ರಶ್ನೆ. ಅವರೇ ಕೂತು ಬಿಡಿಸಿದರು. 1963 ಮತ್ತು 1964ರಲ್ಲಿ ಪೇಪರ್ ಪ್ರಕಟಿಸಿದರು. ಯಾರೂ ಹೆಚ್ಚು ಗಮನ ಕೊಡಲಿಲ್ಲ.

ಅತ್ತ ಇಂಗ್ಲೆಂಡಿನಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ಇದೇ ಸಮಸ್ಯೆಯನ್ನು ತಮ್ಮದೇ ದಾರಿಯಲ್ಲಿ ಬಿಡಿಸಿ ಯಂತ್ರವನ್ನೇ ಕಟ್ಟಿದರು. ಕಾರ್ಮ್ಯಾಕ್ ಕೆಲಸದ ಪರಿಚಯ ಅವರಿಗೆ ಇರಲಿಲ್ಲ. 1971ರಲ್ಲಿ ಮೊದಲ ರೋಗಿಯ ಮಿದುಳಿನ ಸ್ಕ್ಯಾನ್ ಆಯಿತು. ಇವತ್ತು ನಾವು ಸಿಟಿ ಸ್ಕ್ಯಾನ್ ಅನ್ನುತ್ತೇವಲ್ಲ, ಅದು. ಇಬ್ಬರಿಗೂ 1979ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಇಬ್ಬರೂ ಡಾಕ್ಟರುಗಳಲ್ಲ.

ನನಗೆ ಸಂಕಟ ಆಗುವುದು ಮುಂದಿನ ವಿಷಯಕ್ಕೆ. ಆ ಗಣಿತವನ್ನು ಯೋಹಾನ್ ರಾಡಾನ್ ಎಂಬ ಗಣಿತಜ್ಞ 1917ರಲ್ಲೇ ಬಿಡಿಸಿ ಇಟ್ಟಿದ್ದರು. ಕಾರ್ಮ್ಯಾಕ್ ಅವರಿಗೆ ಅದು ತಿಳಿದದ್ದು ತಮ್ಮ ಪೇಪರುಗಳು ಬಂದು ಎಷ್ಟೋ ವರ್ಷ ಕಳೆದ ಮೇಲೆ. ಉತ್ತರ ಗಣಿತದ ಕಪಾಟಿನಲ್ಲಿತ್ತು, ಪ್ರಶ್ನೆ ಆಸ್ಪತ್ರೆಯಲ್ಲಿತ್ತು. ನಡುವೆ ಓಡಾಡುವವರು ಇರಲಿಲ್ಲ. ಕೋರ್ಸ್ ತೆಗೆದುಕೊಳ್ಳಿ ಅಂತ ನಾನು ಹೇಳುವುದು ಇದೇ ಕಾರಣಕ್ಕೆ.

ಭೌತಶಾಸ್ತ್ರ ಸಂಶೋಧಕ

ಮೇಷ್ಟ್ರೇ, ಕಥೆ ನನಗೂ ಇಷ್ಟ. ಆದರೆ ಅದರಿಂದ ನಾನು ತೆಗೆಯುವ ಅರ್ಥ ಬೇರೆ. ಕಾರ್ಮ್ಯಾಕ್ ಆ ಲೆಕ್ಕ ಬಿಡಿಸಿದ್ದು ಭೌತಶಾಸ್ತ್ರ ಆಳವಾಗಿ ಗೊತ್ತಿದ್ದರಿಂದ. ಹೌನ್ಸ್‌ಫೀಲ್ಡ್ ಯಂತ್ರ ಕಟ್ಟಿದ್ದು ಎಲೆಕ್ಟ್ರಾನಿಕ್ಸ್ ಕೈವಶ ಆಗಿದ್ದರಿಂದ. ಇಬ್ಬರೂ "ವೈದ್ಯಕೀಯದ ಪರಿಚಯ" ಅಂತ ಎರಡು ಕ್ರೆಡಿಟ್ಟಿನ ಕೋರ್ಸ್ ಮಾಡಿ ಅಲ್ಲಿಗೆ ಮುಟ್ಟಿದವರಲ್ಲ.

ಈಗ ಅಂಕಪಟ್ಟಿಯಲ್ಲಿ ಹತ್ತು ವಿಭಾಗದ ಹೆಸರು ಇದ್ದರೆ ಸಾಕು, ಬಹುಶಿಸ್ತೀಯ ಅನ್ನುವ ರೂಢಿ ಬೆಳೆಯುತ್ತಿದೆ. ಎಲ್ಲದರ ಮೊದಲ ಅಧ್ಯಾಯ ಗೊತ್ತು, ಯಾವುದರ ಕೊನೆಯ ಅಧ್ಯಾಯವೂ ಗೊತ್ತಿಲ್ಲ. ಇಂಥವರನ್ನು ಲ್ಯಾಬಿಗೆ ಸೇರಿಸಿಕೊಂಡು ಕಷ್ಟಪಟ್ಟಿದ್ದೇವೆ. ಕೋಡ್ ಬರೆಯುತ್ತಾರೆ, ಯಾಕೆ ಆ ಸಮೀಕರಣ ಅಂದರೆ ಸುಮ್ಮನಾಗುತ್ತಾರೆ.

ವೆಂಕಿ ರಾಮಕೃಷ್ಣನ್ ಅವರನ್ನು ನೋಡಿ. 1976ರಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿದರು. ಆಮೇಲೆ ಜೀವಶಾಸ್ತ್ರ ಕಲಿಯಬೇಕು ಅನಿಸಿದಾಗ ಮತ್ತೆ ವಿದ್ಯಾರ್ಥಿಯಾಗಿ ಸೇರಿ ಕ್ಲಾಸಿನಲ್ಲಿ ಕೂತರು. ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿನ ರಚನೆಯ ಮೇಲಿನ ಕೆಲಸಕ್ಕೆ 2009ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಮೊದಲು ಒಂದು ನೆಲೆ, ಆಮೇಲೆ ಇನ್ನೊಂದು. ಎರಡನ್ನೂ ಅಷ್ಟೇ ಶ್ರದ್ಧೆಯಿಂದ. ಆ ಹಿರಿಯ ಉಪನ್ಯಾಸಕರು ಹೇಳಿದ್ದೂ ಅದೇ ಇರಬೇಕು.

ಕೋಡಿಂಗ್ ಕಲಿಸುವವಳು

ಆಳ ಬೇಕು ಅನ್ನುವುದನ್ನು ಒಪ್ಪುತ್ತೇನೆ ಸರ್. ಆದರೆ ಒಂದೇ ವಿಷಯದಲ್ಲಿ ಎಷ್ಟು ಆಳಕ್ಕೆ ಇಳಿದರೂ ಕಾಣದ ತಪ್ಪುಗಳಿವೆ. ನಾನು ಕಂಪ್ಯೂಟರ್ ವಿಜ್ಞಾನ ಕಲಿಸುತ್ತೇನೆ. ಪ್ರತಿ ಬ್ಯಾಚಿಗೂ ಈ ಉದಾಹರಣೆ ಕೊಡುತ್ತೇನೆ.

ಅಮೆರಿಕದ ಆಸ್ಪತ್ರೆಗಳಲ್ಲಿ ಒಂದು ಅಲ್ಗಾರಿದಮ್ ಬಳಕೆಯಲ್ಲಿತ್ತು. ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಅಂತ ಅದು ಅಂಕ ಕೊಡುತ್ತಿತ್ತು. 2019ರಲ್ಲಿ ಸಂಶೋಧಕರ ಒಂದು ತಂಡ ಅದನ್ನು ಬಿಚ್ಚಿ ನೋಡಿತು. ತಂಡದಲ್ಲಿ ವೈದ್ಯರೂ ಇದ್ದರು, ಅರ್ಥಶಾಸ್ತ್ರಜ್ಞರೂ ಇದ್ದರು. ಒಂದೇ ಅಂಕ ಬಂದ ಇಬ್ಬರಲ್ಲಿ ಕಪ್ಪು ವರ್ಣದ ರೋಗಿ ಬಿಳಿ ವರ್ಣದ ರೋಗಿಗಿಂತ ಜಾಸ್ತಿ ಕಾಯಿಲೆಯಲ್ಲಿರುತ್ತಿದ್ದರು. ಯಾಕೆ? ಆ ಅಲ್ಗಾರಿದಮ್ ಕಾಯಿಲೆಯನ್ನು ಅಳೆಯುತ್ತಲೇ ಇರಲಿಲ್ಲ. ಮುಂದೆ ಎಷ್ಟು ಖರ್ಚಾಗಬಹುದು ಅಂತ ಅಂದಾಜು ಮಾಡುತ್ತಿತ್ತು. ಖರ್ಚು ಜಾಸ್ತಿ ಅಂದರೆ ಕಾಯಿಲೆ ಜಾಸ್ತಿ ಅಂತ ಹಿಡಿದಿದ್ದರು. ಆದರೆ ಚಿಕಿತ್ಸೆ ಕೈಗೆ ಎಟುಕದ ಜನ ಖರ್ಚನ್ನೂ ಕಡಿಮೆಯೇ ಮಾಡಿರುತ್ತಾರೆ. ಕಾಯಿಲೆ ಅಷ್ಟೇ ಇದ್ದರೂ ದಾಖಲೆಯಲ್ಲಿ ಖರ್ಚು ಕಮ್ಮಿ.

ಕೋಡ್ ಮಾತ್ರ ಓದುವವರು ಎಷ್ಟು ನೋಡಿದರೂ ಇದರಲ್ಲಿ ತಪ್ಪು ಕಾಣುವುದಿಲ್ಲ. ಖರ್ಚನ್ನು ಅದು ಚೆನ್ನಾಗಿಯೇ ಊಹಿಸುತ್ತಿತ್ತು. ಯಾವುದನ್ನು ಊಹಿಸಬೇಕು ಅನ್ನುವ ಆಯ್ಕೆಯಲ್ಲೇ ತಪ್ಪಿತ್ತು. ಆ ತಪ್ಪು ಕಾಣಬೇಕಾದರೆ ಯಾರಿಗೆ ಆಸ್ಪತ್ರೆಯ ಬಾಗಿಲು ಸುಲಭವಾಗಿ ತೆರೆಯುತ್ತದೆ, ಯಾರಿಗೆ ಇಲ್ಲ ಅಂತ ಗೊತ್ತಿರಬೇಕು. ಅದು ನನ್ನ ಸಿಲಬಸ್ಸಿನಲ್ಲಿ ಇಲ್ಲ. ಪಕ್ಕದ ವಿಭಾಗದವರ ಸಿಲಬಸ್ಸಿನಲ್ಲಿದೆ.

ಮಾನವಶಾಸ್ತ್ರ ಓದಿದವಳು

ಮೇಡಂ ಹೇಳಿದ್ದು ಓದಿ ಖುಷಿ ಆಯಿತು. ಮೂಲ ಪ್ರಶ್ನೆ ಕೇಳಿದವರು ಸಾಂಕ್ರಾಮಿಕ ರೋಗದ ಮೇಲೆ ಕೆಲಸ ಮಾಡುತ್ತೇನೆ ಅಂದಿದ್ದಾರೆ, ಹಾಗಾಗಿ ಎಬೋಲಾ ವಿಷಯ ಹೇಳಲೇಬೇಕು.

2014ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ ಎಬೋಲಾ ಹರಡಿತು. ಸತ್ತವರ ದೇಹದಿಂದಲೂ ವೈರಸ್ ಅಂಟುತ್ತದೆ. ಅಲ್ಲಿನ ಕುಟುಂಬಗಳು ದೇಹವನ್ನು ಕೈಯಾರೆ ತೊಳೆದು, ಮುಟ್ಟಿ ಬೀಳ್ಕೊಡುತ್ತಿದ್ದವು. ವೈರಸ್ ತಜ್ಞರ ದೃಷ್ಟಿಯಲ್ಲಿ ಪರಿಹಾರ ಸರಳ, ಮುಟ್ಟಲು ಬಿಡಬಾರದು. ರಕ್ಷಣಾ ಉಡುಪು ತೊಟ್ಟ ತಂಡಗಳು ಬಂದು ದೇಹವನ್ನು ಚೀಲದಲ್ಲಿ ಹಾಕಿಕೊಂಡು ಹೋಗತೊಡಗಿದವು. ಎಲ್ಲಿ ಹೂತರು ಅಂತ ಎಷ್ಟೋ ಮನೆಯವರಿಗೆ ತಿಳಿಯಲಿಲ್ಲ. ಆಗ ಜನ ಏನು ಮಾಡಿದರು? ಕಾಯಿಲೆಯವರನ್ನು ಬಚ್ಚಿಟ್ಟರು. ಗುಟ್ಟಾಗಿ ಹೂತರು. ವೈಜ್ಞಾನಿಕವಾಗಿ ಸರಿಯಿದ್ದ ಕ್ರಮವೇ ರೋಗ ಹರಡಲು ದಾರಿ ಮಾಡಿಕೊಟ್ಟಿತು.

ಮಾನವಶಾಸ್ತ್ರಜ್ಞರು ಆ ಮನೆಗಳಲ್ಲಿ ಕೂತು ಮಾತಾಡಿದರು. ಆ ವಿಧಿಯಲ್ಲಿ ಯಾವುದನ್ನು ಬಿಡಲಿಕ್ಕೇ ಆಗುವುದಿಲ್ಲ, ಯಾವುದನ್ನು ಬದಲಿಸಬಹುದು ಅಂತ ಕೇಳಿದರು. ಸುರಕ್ಷಿತ ದೂರದಿಂದ ನೋಡಲು ಬಿಡುವುದು, ಪ್ರಾರ್ಥನೆಗೆ ಅವಕಾಶ, ಗುರುತಿರುವ ಸಮಾಧಿ, ಇಂಥವು. 2014ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷಿತವೂ ಗೌರವಯುತವೂ ಆದ ಅಂತ್ಯಕ್ರಿಯೆಗೆ ಹೊಸ ಮಾರ್ಗಸೂಚಿ ಹೊರಡಿಸಿತು.

ಇಲ್ಲಿ ಒಂದು ಮಾತು ಖಂಡಿತವಾಗಿ ಹೇಳಬೇಕು. ನಮ್ಮಂಥವರನ್ನು ಸಾಮಾನ್ಯವಾಗಿ ಕೊನೆಗೆ ಕರೆಯುತ್ತಾರೆ. ಯೋಜನೆ ಎಲ್ಲ ಬರೆದಾದ ಮೇಲೆ "ಜನರಿಗೆ ಇದನ್ನು ಒಪ್ಪಿಸಿ ಕೊಡಿ" ಅಂತ. ಆಗ ನಾವು ಮಾಡುವುದು ಸಂಶೋಧನೆ ಅಲ್ಲ, ಪ್ರಚಾರ. ಪ್ರಶ್ನೆ ರೂಪಿಸುವ ದಿನವೇ ಎಲ್ಲರೂ ಮೇಜಿನ ಸುತ್ತ ಇರಬೇಕು.

ಭೌತಶಾಸ್ತ್ರ ಸಂಶೋಧಕ

ಎಬೋಲಾ ಉದಾಹರಣೆ ಬಹಳ ತೂಕದ್ದು. ಕೊನೆಯ ಪ್ಯಾರಾಕ್ಕೆ ನನ್ನ ಪೂರ್ತಿ ಸಹಮತ ಇದೆ. ಆದರೂ ನೋಡಿ, ಅಲ್ಲಿ ಹೋದವರು ನುರಿತ ಮಾನವಶಾಸ್ತ್ರಜ್ಞರು. ವೈರಸ್ ತಜ್ಞರಿಗೆ ಒಂದು ಸೆಮಿಸ್ಟರ್ ಮಾನವಶಾಸ್ತ್ರ ಕಲಿಸಿ ಕಳಿಸಿದ್ದಲ್ಲ.

ಮಾನವಶಾಸ್ತ್ರ ಓದಿದವಳು

ನಿಜ ಸರ್. ಆದರೆ ಒಂದು ಸೆಮಿಸ್ಟರ್ ಓದಿದ್ದ ವೈರಸ್ ತಜ್ಞರು ಇದ್ದಿದ್ದರೆ ಯಾರನ್ನು ಕರೆಯಬೇಕು ಅಂತ ಮೊದಲ ತಿಂಗಳಲ್ಲೇ ಹೊಳೆಯುತ್ತಿತ್ತು. ಎಲೆಕ್ಟಿವ್‌ನಿಂದ ನಾನು ಬಯಸುವುದು ಅಷ್ಟೇ. ಅದೇ ಬಹಳ.

ಇತಿಹಾಸ ವಿಭಾಗ

ಇಷ್ಟು ಹೊತ್ತು ವಿಜ್ಞಾನಕ್ಕೆ ಸಮಾಜ ವಿಜ್ಞಾನ ನೆರವಾದ ಮಾತೇ ಆಯಿತು. ತಿರುಗಿಸಿಯೂ ನೋಡೋಣ.

ಡಿ. ಡಿ. ಕೊಸಾಂಬಿ ಮೂಲತಃ ಗಣಿತಜ್ಞರು. ಮುದ್ರೆಯೊತ್ತಿದ ಹಳೆಯ ಬೆಳ್ಳಿ ನಾಣ್ಯಗಳ ಕಾಲಕ್ರಮ ಹೇಗೆ ತಿಳಿಯುವುದು ಅನ್ನುವ ಪ್ರಶ್ನೆಗೆ ಅವರು ಕೈ ಹಾಕಿದರು. ಆ ನಾಣ್ಯಗಳ ಮೇಲೆ ರಾಜನ ಹೆಸರಿಲ್ಲ, ಇಸವಿ ಇಲ್ಲ. ಅವರು ಮಾಡಿದ್ದು ಒಂದೊಂದೇ ನಾಣ್ಯವನ್ನು ನಿಖರವಾಗಿ ತೂಗುವುದು.

ಯೋಚನೆ ಹೀಗಿದೆ. ಟಂಕಸಾಲೆಯಿಂದ ಹೊರಟಾಗ ನಾಣ್ಯಗಳ ತೂಕ ಹೆಚ್ಚುಕಮ್ಮಿ ಒಂದೇ. ಕೈಯಿಂದ ಕೈಗೆ ಹೋದಂತೆಲ್ಲ ಸವೆಯುತ್ತವೆ. ಕೆಲವು ಜಾಸ್ತಿ ಓಡಾಡುತ್ತವೆ, ಕೆಲವು ಕಮ್ಮಿ. ಹಾಗಾಗಿ ಕಾಲ ಕಳೆದಂತೆ ಎರಡು ಬದಲಾವಣೆ ಆಗುತ್ತವೆ. ಸರಾಸರಿ ತೂಕ ಇಳಿಯುತ್ತದೆ, ತೂಕಗಳ ನಡುವಿನ ವ್ಯತ್ಯಾಸ ಹೆಚ್ಚುತ್ತದೆ. ಒಂದೇ ನಿಧಿಯಲ್ಲಿ ಸಿಕ್ಕ ನಾಣ್ಯಗಳನ್ನು ಗುಂಪು ಮಾಡಿ ತೂಗಿದರೆ ಯಾವ ಗುಂಪು ಹಳೆಯದು ಅಂತ ಸಂಖ್ಯೆಯೇ ಹೇಳುತ್ತದೆ. ನಾಣ್ಯದ ಹಿಂಬದಿಯಲ್ಲಿ ಚಿಕ್ಕ ಚಿಕ್ಕ ಗುರುತುಗಳು ಇರುತ್ತವೆ. ಗುರುತು ಜಾಸ್ತಿಯಾದಷ್ಟೂ ತೂಕ ಕಮ್ಮಿ ಅಂತಲೂ ಅವರು ತೋರಿಸಿದರು. ತಮ್ಮ ವಿಧಾನ ಸರಿಯಿದೆಯಾ ಅಂತ ನೋಡಲು ತಮ್ಮ ಕಾಲದಲ್ಲಿ ಚಲಾವಣೆಯಲ್ಲಿದ್ದ ನಾಣ್ಯಗಳನ್ನೂ ತೂಗಿ ಪರೀಕ್ಷಿಸಿದರು. ಆ ಶಿಸ್ತು ನನಗೆ ತುಂಬಾ ಮೆಚ್ಚುಗೆ.

ಮೌರ್ಯರ ಕಾಲದ ಬಗ್ಗೆ ಗ್ರಂಥಗಳು ಹೇಳದ್ದನ್ನು ಸವೆತ ಹೇಳಿತು. ಇತಿಹಾಸದ ವಿದ್ಯಾರ್ಥಿಗಳು "ನಮಗ್ಯಾಕೆ ಸಂಖ್ಯಾಶಾಸ್ತ್ರ" ಅಂದಾಗ ನಾನು ಇದನ್ನೇ ಮುಂದಿಡುತ್ತೇನೆ.

ಪಿಎಚ್‌ಡಿ, ಎರಡು ವಿಭಾಗ

ಎಲ್ಲರೂ ಗೆದ್ದ ಕಥೆಗಳನ್ನೇ ಹೇಳುತ್ತಿದ್ದೀರಿ. ಆ ದಾರಿಯಲ್ಲಿ ಈಗ ನಡೆಯುತ್ತಿರುವವಳಾಗಿ ಕೆಲವು ವಿಷಯ ಹೇಳಬೇಕು. ಪ್ರಶ್ನೆ ಕೇಳಿದವರಿಗೆ ಹೆದರಿಸಲು ಅಲ್ಲ, ಗೊತ್ತಿರಲಿ ಅಂತ.

ನನಗೆ ಇಬ್ಬರು ಗೈಡ್. ಒಬ್ಬರು ಪರಿಸರ ವಿಜ್ಞಾನ, ಇನ್ನೊಬ್ಬರು ಅರ್ಥಶಾಸ್ತ್ರ. ಇಬ್ಬರೂ ಒಳ್ಳೆಯವರು. ಆದರೆ ಒಬ್ಬರಿಗೆ ಬೇಕಾದ್ದು ಸಮ್ಮೇಳನದಲ್ಲಿ ಮಂಡನೆ, ಇನ್ನೊಬ್ಬರಿಗೆ ಬೇಕಾದ್ದು ಉದ್ದದ ಪೇಪರ್. ಒಬ್ಬರ ಪ್ರಕಾರ ಹತ್ತು ಹಳ್ಳಿಯ ಆಳವಾದ ಮಾಹಿತಿ ಸಾಕು, ಇನ್ನೊಬ್ಬರಿಗೆ ಆ ಸಂಖ್ಯೆ ಲೆಕ್ಕಕ್ಕೇ ಇಲ್ಲ. ಪೇಪರನ್ನು ಒಂದು ಜರ್ನಲ್ಲಿಗೆ ಕಳಿಸಿದರೆ ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ ವಾಪಸ್ ಬರುತ್ತದೆ. ಎರಡೂ ವಿಭಾಗದ ಕೋರ್ಸ್‌ವರ್ಕ್ ಮಾಡಬೇಕು, ಸ್ಕಾಲರ್‌ಶಿಪ್ ಅವಧಿ ಮಾತ್ರ ಒಂದೇ. ಕೆಲಸದ ಜಾಹೀರಾತಿನಲ್ಲಿ ಕೇಳುವುದು ಒಂದೇ ವಿಷಯದ ಪದವಿ.

ಇದು ನನ್ನೊಬ್ಬಳ ಗೋಳಲ್ಲ. 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಆಸ್ಟ್ರೇಲಿಯಾದ ಸಂಶೋಧನಾ ಮಂಡಳಿಗೆ ಐದು ವರ್ಷಗಳಲ್ಲಿ ಬಂದ 18,000ಕ್ಕೂ ಹೆಚ್ಚು ಅರ್ಜಿಗಳನ್ನು ನೋಡಿದ್ದರು. ಒಂದು ಅರ್ಜಿ ಪರಸ್ಪರ ದೂರದ ವಿಷಯಗಳನ್ನು ಜೋಡಿಸಿದಷ್ಟೂ ಅದಕ್ಕೆ ಹಣ ಸಿಗುವ ಸಾಧ್ಯತೆ ಕಡಿಮೆ ಇತ್ತು. ಭಾಷಣದಲ್ಲಿ ಎಲ್ಲರೂ ಬಹುಶಿಸ್ತೀಯ ಸಂಶೋಧನೆಯನ್ನು ಹೊಗಳುತ್ತಾರೆ. ಅರ್ಜಿ ಮುಂದೆ ಬಂದಾಗ ಪ್ರತಿಯೊಬ್ಬ ಪರೀಕ್ಷಕರೂ ತಮ್ಮ ವಿಷಯದ ಭಾಗ ಮಾತ್ರ ಓದಿ, ಇದು ತೆಳುವಾಗಿದೆ ಅನ್ನುತ್ತಾರೆ. ಮೌಲ್ಯಮಾಪನ ಬದಲಾಗದೆ ಸಿಲಬಸ್ ಮಾತ್ರ ಬದಲಿಸಿದರೆ ಅದರ ಭಾರ ಬೀಳುವುದು ವಿದ್ಯಾರ್ಥಿಗಳ ಹೆಗಲಿಗೆ.

ಸಂಖ್ಯಾಶಾಸ್ತ್ರದ ಮೇಷ್ಟ್ರು

ಮೇಡಂ ಹೇಳಿದ ಒಂದೊಂದು ಮಾತೂ ಸತ್ಯ. ಥೀಸಿಸ್ ಪರೀಕ್ಷಕರನ್ನು ಆರಿಸುವಾಗಲೇ ಎರಡೂ ಕಡೆಯ ಕೆಲಸ ಗೊತ್ತಿರುವ ಒಬ್ಬರಾದರೂ ಇರಬೇಕು ಅಂತ ನಿಯಮ ಬರಬೇಕು. ನಮ್ಮ ಅಧ್ಯಯನ ಮಂಡಳಿಯಲ್ಲಿ ಇದನ್ನು ಎತ್ತಿದ್ದೇನೆ, ಬಿಡುವುದಿಲ್ಲ.

ಎಂ.ಎಸ್ಸಿ ಜೀವಶಾಸ್ತ್ರ

ಇಷ್ಟು ಜನ ಇಷ್ಟು ವಿವರವಾಗಿ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ತುಂಬಾ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ಒಳ್ಳೆಯ ಬಹುಶಿಸ್ತೀಯ ಕೋರ್ಸು ಯಾವುದು, ಸುಮ್ನೆ ಹೆಸರಿಗೆ ಇರುವುದು ಯಾವುದು ಅಂತ ಸೇರುವ ಮೊದಲೇ ತಿಳಿಯುವುದು ಹೇಗೆ?

ಸಂಖ್ಯಾಶಾಸ್ತ್ರದ ಮೇಷ್ಟ್ರು

ನಾನು ನೋಡುವುದು ಒಂದನ್ನೇ. ಎರಡು ವಿಭಾಗದ ವಿದ್ಯಾರ್ಥಿಗಳು ಒಂದೇ ದತ್ತಾಂಶದ ಮುಂದೆ ಕೂತು ಒಟ್ಟಿಗೆ ಕೆಲಸ ಮಾಡುತ್ತಾರಾ? ಸೋಮವಾರ ಒಬ್ಬರ ಪಾಠ, ಬುಧವಾರ ಇನ್ನೊಬ್ಬರ ಪಾಠ, ಪರೀಕ್ಷೆಯಲ್ಲಿ ಭಾಗ ಒಂದು, ಭಾಗ ಎರಡು ಅಂತ ಇದ್ದರೆ ಅದು ಎರಡು ಅರ್ಧ ಕೋರ್ಸು ಅಷ್ಟೇ.

ನಮ್ಮ ಕ್ಲಾಸಿನಲ್ಲಿ ನಡೆದದ್ದು ಹೇಳುತ್ತೇನೆ. ಸಂಖ್ಯಾಶಾಸ್ತ್ರದವರನ್ನೂ ನರ್ಸಿಂಗ್ ವಿದ್ಯಾರ್ಥಿಗಳನ್ನೂ ಜೋಡಿ ಮಾಡಿ, ಹೆಸರು ತೆಗೆದ ಒಂದು ಆಸ್ಪತ್ರೆ ಪಟ್ಟಿ ಕೊಟ್ಟಿದ್ದೆವು. ಗಂಟೆಗೊಮ್ಮೆ ದಾಖಲಿಸಿದ ರಕ್ತದೊತ್ತಡದ ಅಂಕಣದಲ್ಲಿ ಹಲವು ಖಾಲಿ ಕೋಶಗಳು ಇದ್ದವು. ನಮ್ಮ ಹುಡುಗರು ಖಾಲಿ ಸಾಲುಗಳನ್ನು ಅಳಿಸಿ ಉಳಿದದ್ದರ ಸರಾಸರಿ ತೆಗೆದರು. ಪಕ್ಕದಲ್ಲಿ ಕೂತಿದ್ದ ನರ್ಸಿಂಗ್ ವಿದ್ಯಾರ್ಥಿನಿ ತಡೆದು ಕೇಳಿದಳು, "ಆ ಹೊತ್ತಿನಲ್ಲಿ ಯಾಕೆ ಬರೆದಿಲ್ಲ ಗೊತ್ತಾ? ರೋಗಿಯ ಸ್ಥಿತಿ ಕೆಟ್ಟು ಎಲ್ಲರೂ ಅವರನ್ನು ಉಳಿಸಲು ಓಡಾಡುತ್ತಿರುತ್ತೇವೆ. ಪಟ್ಟಿ ತುಂಬಲು ಯಾರ ಕೈಯೂ ಖಾಲಿ ಇರುವುದಿಲ್ಲ." ಅಂದರೆ ಅತಿ ಗಂಭೀರ ಸ್ಥಿತಿಯಲ್ಲಿದ್ದವರ ಸಾಲುಗಳನ್ನೇ ಇವರು ಅಳಿಸಿದ್ದರು! ಉಳಿದ ಸರಾಸರಿ ಚೆನ್ನಾಗಿ ಕಾಣದೆ ಇನ್ನೇನು?

ಅದೇ ತರಗತಿಯಲ್ಲಿ ಇನ್ನೊಂದೂ ಆಯಿತು. ಯಾಕೆ ಖಾಲಿ ಇದೆ ಅನ್ನುವುದಕ್ಕೆ ಒಂದು ಗುರುತು ಹಾಕಿದರೂ ಸಾಕು, ಲೆಕ್ಕದಲ್ಲಿ ಅದನ್ನು ಸರಿಯಾಗಿ ಪರಿಗಣಿಸುವ ವಿಧಾನಗಳಿವೆ ಅಂತ ನಮ್ಮವರು ವಿವರಿಸಿದರು. ನರ್ಸಿಂಗ್ ವಿದ್ಯಾರ್ಥಿಗಳು ಪಟ್ಟಿಯ ನಮೂನೆಯನ್ನೇ ಬದಲಿಸಿ ತಂದರು. ಒಂದು ಚಿಕ್ಕ ಅಂಕಣ ಸೇರಿಸಿದ್ದರು, ಕಾರಣಕ್ಕೆ. ಖಾಲಿ ಕೋಶಗಳ ಬಗ್ಗೆ ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಆ ಹುಡುಗರಿಗೆ ಅದು ಮನಸ್ಸಿಗೆ ನಾಟಿದ್ದು ಆ ದಿನ.

ಭೂವಿಜ್ಞಾನ ಓದುಗ

ಇಷ್ಟೂ ಓದಿದೆ. ನಮ್ಮ ಕಡೆಯಿಂದಲೂ ಒಂದು ಇರಲಿ. ಡೈನೋಸಾರ್‌ಗಳ ಅಂತ್ಯದ ವಿಷಯ ಎಲ್ಲರಿಗೂ ಗೊತ್ತು. ಭೂವಿಜ್ಞಾನಿ ವಾಲ್ಟರ್ ಆಲ್ವಾರೆಜ್ ಇಟಲಿಯ ಗುಬ್ಬಿಯೋದಲ್ಲಿ ಸುಣ್ಣಕಲ್ಲಿನ ಪದರಗಳ ನಡುವೆ ಡೈನೋಸಾರ್‌ಗಳು ಅಳಿದ ಕಾಲದ ಒಂದು ತೆಳು ಜೇಡಿಪದರ ಕಂಡರು. ಅದು ಕೂಡಿಕೊಳ್ಳಲು ಎಷ್ಟು ಕಾಲ ಹಿಡಿಯಿತು ಅನ್ನುವ ಪ್ರಶ್ನೆಯನ್ನು ಭೌತವಿಜ್ಞಾನಿಯಾದ ತಮ್ಮ ತಂದೆ ಲೂಯಿ ಅವರ ಮುಂದಿಟ್ಟರು. ಬಾಹ್ಯಾಕಾಶದ ಧೂಳಿನಿಂದ ಇರಿಡಿಯಂ ಎಂಬ ಲೋಹ ನಿಧಾನವಾಗಿ, ಒಂದೇ ಗತಿಯಲ್ಲಿ ಬೀಳುತ್ತದೆ, ಅದನ್ನು ಅಳೆದರೆ ಕಾಲ ಸಿಗುತ್ತದೆ ಅಂತ ಲೂಯಿ ಯೋಚಿಸಿದರು. ಫ್ರಾಂಕ್ ಅಸಾರೊ, ಹೆಲೆನ್ ಮೈಕೆಲ್ ಎಂಬ ರಸಾಯನಶಾಸ್ತ್ರಜ್ಞರು ಅಳೆದರು. ಬಂದ ಪ್ರಮಾಣ ನಿರೀಕ್ಷೆಗಿಂತ ಎಷ್ಟೋ ಪಟ್ಟು ಜಾಸ್ತಿ. ಹೊರಗಿನಿಂದ ಏನೋ ದೊಡ್ಡದು ಬಂದು ಅಪ್ಪಳಿಸಿದೆ ಅಂತ ನಾಲ್ವರೂ 1980ರಲ್ಲಿ ಪ್ರಕಟಿಸಿದರು.

ಆ ಅಪ್ಪಳಿಕೆಯ ಕುಳಿ ಎಲ್ಲಿ ಅಂತ ಹುಡುಕಾಟ ಹತ್ತು ವರ್ಷ ನಡೆಯಿತು. ಮೆಕ್ಸಿಕೋದಲ್ಲಿ ತೈಲಕ್ಕಾಗಿ ಸರ್ವೆ ಮಾಡುತ್ತಿದ್ದ ಭೂಭೌತಶಾಸ್ತ್ರಜ್ಞರು ಅದನ್ನು ಮೊದಲೇ ಕಂಡಿದ್ದರು. 1981ರಲ್ಲಿ ತಮ್ಮ ಕ್ಷೇತ್ರದ ಸಮ್ಮೇಳನದಲ್ಲಿ ಹೇಳಿಯೂ ಇದ್ದರು. ಕುಳಿ ಹುಡುಕುತ್ತಿದ್ದವರು ಆ ಸಮ್ಮೇಳನಕ್ಕೆ ಹೋಗುವವರಲ್ಲ. ಮೇಷ್ಟ್ರು ಹೇಳಿದ ರಾಡಾನ್ ಕಥೆಯೇ ಮತ್ತೆ.

ಭೌತಶಾಸ್ತ್ರ ಸಂಶೋಧಕ

ಒಳ್ಳೆಯ ಉದಾಹರಣೆ. ನನ್ನ ವಾದಕ್ಕೂ ಆಗುತ್ತದೆ, ನಾಲ್ವರೂ ತಮ್ಮ ತಮ್ಮ ಕೆಲಸದಲ್ಲಿ ಪಳಗಿದವರು. ಆದರೆ ನರ್ಸಿಂಗ್ ವಿದ್ಯಾರ್ಥಿನಿಯ ಮಾತು ನನ್ನನ್ನು ಯೋಚನೆಗೆ ಹಚ್ಚಿದೆ. ಆಕೆ ಇನ್ನೂ ಓದುತ್ತಿರುವವಳು, ಆದರೂ ಕೊಟ್ಟದ್ದು ದೊಡ್ಡದು. ಹಾಗಾಗಿ ಪಿಎಚ್‌ಡಿ ಆಗುವ ತನಕ ಕಾಯಬೇಕು ಅಂತ ನಾನು ಹೇಳುವುದಿಲ್ಲ. ಪದವಿಯ ಮೊದಲ ವರ್ಷದಲ್ಲೇ ಐದಾರು ವಿಭಾಗ ಸುತ್ತಿಸುವುದನ್ನು ಮಾತ್ರ ಈಗಲೂ ಒಪ್ಪುವುದಿಲ್ಲ. ಕೊಡಲು ಕೈಯಲ್ಲಿ ಏನಾದರೂ ಇರಬೇಕು.

ಪ್ರಶ್ನೆ ಕೇಳಿದವರಿಗೆ: ಜೀವಶಾಸ್ತ್ರದ ಪದವಿ ಮುಗಿಸಿ ಬಂದಿದ್ದೀರಿ. ನಿಮ್ಮ ಕೈ ಖಾಲಿ ಇಲ್ಲ. ಹೋಗಿ.

ಪಿಎಚ್‌ಡಿ, ಎರಡು ವಿಭಾಗ

ಒಂದು ಸಣ್ಣ ಸಲಹೆ. ಸೇರುವ ಮೊದಲು ಆ ವಿಭಾಗದ ಸೆಮಿನಾರಿಗೆ ಒಂದೆರಡು ಸಲ ಹೋಗಿ ಹಿಂದೆ ಕೂತುಕೊಳ್ಳಿ. ಅವರು ಯಾವುದನ್ನು ಪುರಾವೆ ಅಂತ ಒಪ್ಪುತ್ತಾರೆ, ಯಾವ ಪ್ರಶ್ನೆಗೆ ಜಗಳ ಆಡುತ್ತಾರೆ ಅಂತ ಗಮನಿಸಿ. ಸಿಲಬಸ್ ಪುಟಕ್ಕಿಂತ ಅದರಿಂದ ಜಾಸ್ತಿ ಗೊತ್ತಾಗುತ್ತದೆ. ಮುಂದೆ ಜಂಟಿ ಕೆಲಸ ಶುರುಮಾಡಿದರೆ ಪೇಪರಿನಲ್ಲಿ ಯಾರ ಹೆಸರು ಎಲ್ಲಿ, ಮೊದಲು ಯಾವ ಜರ್ನಲ್ ಅನ್ನುವುದನ್ನು ಇಬ್ಬರೂ ಗೈಡ್‌ಗಳ ಎದುರು ಆರಂಭದಲ್ಲೇ ಬರೆದಿಟ್ಟುಕೊಳ್ಳಿ.

ಎಂ.ಎಸ್ಸಿ ಜೀವಶಾಸ್ತ್ರ

ಸಂಖ್ಯಾಶಾಸ್ತ್ರಕ್ಕೆ ಹೆಸರು ಕೊಟ್ಟೆ. ಅಲ್ಲಿ ಪ್ರಾಜೆಕ್ಟ್ ಎರಡು ವಿಭಾಗದವರು ಸೇರಿಯೇ ಮಾಡಬೇಕಂತೆ, ವಿಚಾರಿಸಿದೆ. ಮಾನವಶಾಸ್ತ್ರದ ಕೋರ್ಸಿಗೆ ಈ ಸೆಮಿಸ್ಟರ್ ಕ್ರೆಡಿಟ್ ಸಿಗುವುದಿಲ್ಲ, ಆದರೆ ಸುಮ್ನೆ ಬಂದು ಕೂತು ಕೇಳಬಹುದು ಅಂತ ಅಲ್ಲಿನ ಮೇಡಂ ಒಪ್ಪಿದ್ದಾರೆ. ನಮ್ಮ ಹಿರಿಯ ಉಪನ್ಯಾಸಕರಿಗೂ ಈ ಚರ್ಚೆ ತೋರಿಸಿದೆ. ಪೂರ್ತಿ ಓದಿ, ರಕ್ತದೊತ್ತಡದ ಆ ಪಟ್ಟಿ ತರಗತಿಗೆ ಬಳಸಲು ಸಿಗುತ್ತದಾ ಅಂತ ಕೇಳಿದರು. ಮೇಷ್ಟ್ರೇ, ಸಿಗುತ್ತದಾ?

ಸಂಖ್ಯಾಶಾಸ್ತ್ರದ ಮೇಷ್ಟ್ರು

ಮೂಲ ಪಟ್ಟಿ ಹೊರಗೆ ಕೊಡುವ ಹಾಗಿಲ್ಲ, ರೋಗಿಗಳ ಮಾಹಿತಿ. ಅದೇ ರೀತಿ ಖಾಲಿ ಕೋಶಗಳಿರುವ ಒಂದು ಕೃತಕ ಪಟ್ಟಿ ಮಾಡಿ ಕೊಡುತ್ತೇನೆ. ನಿಮ್ಮ ಸರ್‌ಗೆ ನನಗೊಂದು ಸಂದೇಶ ಹಾಕಲು ಹೇಳಿ. ಅವರ ವಿದ್ಯಾರ್ಥಿಗಳನ್ನೂ ನಮ್ಮವರನ್ನೂ ಸೇರಿಸಿಯೇ ಆ ತರಗತಿ ಮಾಡೋಣ.